ಹುಡುಗನ ಬಾಯಲ್ಲಿ ಹೆಣ್ಣುದನಿ

ಚಿಂತಾಮಣಿಯಲ್ಲಿ ಹುಟ್ಟಿ ಬೆಳೆದವರಿಗೆ ತೆಲುಗನ್ನು ಪರಭಾಷೆ ಎಂದರೆ ನಗು ಬರುತ್ತದೆ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತೆಲುಗು. ಸೊಪ್ಪಿನವಳೊಡನೆ ಚೌಕಾಸಿ ತೆಲುಗಿನಲ್ಲಿ, ಅವಳು ಹೋದ ಮೇಲೆ ಅವಳನ್ನು ಬೈಯುವುದು ಕನ್ನಡದಲ್ಲಿ. ಹತ್ತಿರದ ಕೈವಾರದ ತಾತಯ್ಯನವರ ಪದಗಳಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ಭಜನೆಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹಾಡುತ್ತಿದ್ದರು. ಹಾಗಾಗಿ 1980ರಲ್ಲಿ ‘ಶಂಕರಾಭರಣಂ’ ನಮ್ಮೂರ ಟಾಕೀಸಿಗೆ ಬಂದಾಗ ಅದು ಹೊರಗಿನ ಸಿನಿಮಾ ಎಂದು ಯಾರಿಗೂ ಅನ್ನಿಸಲಿಲ್ಲ. ಹೊರಗಿನದು ಎನ್ನಿಸಿದ್ದು ಬೇರೆಯೇ ಒಂದು ವಿಷಯ. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಅಜ್ಜಿ, ಮಡಿಸೀರೆ ಬಿಚ್ಚಿಟ್ಟು ಪಟ್ಟೆಸೀರೆ ಉಟ್ಟು, ದೇವಸ್ಥಾನಕ್ಕೆ ಹೊರಟವರಂತೆ ಹೊರಟರಲ್ಲ, ಅದು!

ಆ ಸಿನಿಮಾದ ಕಥೆಯನ್ನು ನಾನು ಇಲ್ಲಿ ಹೇಳಹೊರಟಿಲ್ಲ. ನಿಮ್ಮಲ್ಲಿ ಬಹುಮಂದಿ ನೋಡಿರುತ್ತೀರಿ. ನನಗೆ ಹೇಳಬೇಕಾಗಿರುವುದು ಅದರ ಹಾಡುಗಳ ವಿಚಾರ. ಅದಕ್ಕಿಂತಲೂ, ಆ ಹಾಡುಗಳನ್ನು ಯಾರ ಬಾಯಿಗೆ ಯಾರು ಹಾಡಿದರು ಎನ್ನುವ ವಿಚಾರ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕೇಳಿದ ಮೇಲೆ ನನ್ನ ಕಿವಿಗೆ ಬಿದ್ದ ಒಂದು ಸಂಗತಿ ಅದು.

ಹಾಡುಗಳಿಗೆ ರಾಗ ಹಾಕಿದವರು ಕೆ. ವಿ. ಮಹದೇವನ್. ತಮಿಳಿನವರು. ಮೊದಲು ಸಾಹಿತ್ಯ ಬರೆಸಿಕೊಂಡು ಆಮೇಲೆ ಧಾಟಿ ಕೂರಿಸುವುದು ಅವರ ಪದ್ಧತಿ. ಹೊಸ ಹಾಡುಗಳನ್ನು ಬರೆದವರು ವೇಟೂರಿ ಸುಂದರರಾಮಮೂರ್ತಿ. ಅವುಗಳ ನಡುನಡುವೆ ಹಳೆಯ ಕೃತಿಗಳು: ಸದಾಶಿವ ಬ್ರಹ್ಮೇಂದ್ರರ ‘ಮಾನಸ ಸಂಚರರೇ’, ಭದ್ರಾಚಲ ರಾಮದಾಸರ ಕೀರ್ತನೆಗಳು, ನಮ್ಮ ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’. ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ, ವಾಣಿ ಜಯರಾಂ. 1979ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕೆ ಮಹದೇವನ್, ಗಾಯನಕ್ಕೆ ಬಾಲಸುಬ್ರಹ್ಮಣ್ಯಂ ಮತ್ತು ವಾಣಿ ಜಯರಾಂ, ಹೀಗೆ ಮೂರೂ ಈ ಒಂದೇ ಚಿತ್ರಕ್ಕೆ ಬಂದವು.

ವಾಸುದೇವಾಚಾರ್ಯರ ಹೆಸರು ಬಂತಲ್ಲ, ಅಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಮೈಸೂರಿನ ಆಸ್ಥಾನ ವಿದ್ವಾಂಸರು, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು. ಮನೆಮಾತು ಕನ್ನಡ. ‘ನೆನಪುಗಳು’, ‘ನಾ ಕಂಡ ಕಲಾವಿದರು’ ಬರೆದದ್ದು ಕನ್ನಡದಲ್ಲಿ. ಕೃತಿ ರಚಿಸುವಾಗ ಮಾತ್ರ ತೆಲುಗು, ಸಂಸ್ಕೃತ. ಅವರು ತೀರಿಕೊಂಡದ್ದು 1961ರಲ್ಲಿ. ಹತ್ತೊಂಬತ್ತು ವರ್ಷಗಳ ನಂತರ ಅವರ ಖಮಾಚ್ ರಾಗದ ಕೃತಿ ತೆಲುಗು ಸಿನಿಮಾದ ಮೂಲಕ ನಮ್ಮೂರಿಗೆ ಮರಳಿ ಬಂತು. ರಿಕ್ಷಾದವರು ಅದನ್ನು ಸಿಳ್ಳೆ ಹಾಕುತ್ತಿದ್ದರು. ‘ಇದು ನಮ್ಮ ಮೈಸೂರಿನವರ ಕೃತಿ’ ಎಂದರೆ ಯಾರೂ ನಂಬುತ್ತಿರಲಿಲ್ಲ.

ನಮ್ಮ ಸಂಗೀತದ ಮೇಷ್ಟ್ರಿಗೆ ಈ ಸಿನಿಮಾ ಹಿಡಿಸಲಿಲ್ಲ. ಮೊದಲನೆಯದಾಗಿ, ಬಾಲಸುಬ್ರಹ್ಮಣ್ಯಂ ಪಾಠಾಂತರದವರಲ್ಲ. ಇಂಜಿನಿಯರಿಂಗ್ ಓದಲು ಹೊರಟಿದ್ದ ಹುಡುಗ, ಗುರುಮುಖೇನ ಶಾಸ್ತ್ರೀಯವಾಗಿ ಕಲಿತವರಲ್ಲ. ‘ಅಂಥವರು ವಿದ್ವಾಂಸನ ಪಾತ್ರಕ್ಕೆ ಹಾಡುವುದೇ?’ ಎಂಬುದು ಮೇಷ್ಟ್ರ ಸಿಟ್ಟು. ಎರಡನೆಯದು, ತ್ಯಾಗರಾಜರ ಕೃತಿಗಳ ಮೊದಲ ಮಾತನ್ನು ಎತ್ತಿಕೊಂಡು ಮುಂದೆ ಬೇರೆ ಹಾಡು ಕಟ್ಟಿದ್ದು. ‘ಸಾಮಜವರಗಮನ’ ಎಂದು ಹಿಂದೋಳದಲ್ಲಿ ಶುರುವಾಗುತ್ತದೆ, ಕೈಮುಗಿದು ಕೂತರೆ ಹುಡುಗ ಹುಡುಗಿಯ ಪ್ರೇಮಕ್ಕೆ ತಿರುಗುತ್ತದೆ. ‘ದೊರಕುನಾ ಇಟುವಂಟಿ ಸೇವ’ ಎಂದು ಬಿಲಹರಿ ಶುರುವಾಗುತ್ತದೆ, ಮುಂದೆ ಎಲ್ಲಾ ವೇಟೂರಿಯವರದು. ‘ಬೇರೆಯವರ ಮನೆ ಬಾಗಿಲಿಗೆ ನಮ್ಮ ತೋರಣ ಕಟ್ಟಿದ ಹಾಗಾಯಿತು’ ಎಂದು ಮೇಷ್ಟ್ರು ಗೊಣಗುತ್ತಿದ್ದರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಇಂದಿಗೂ ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ, ಬಾಲಸುಬ್ರಹ್ಮಣ್ಯಂ ಗಮಕಗಳು ಕಛೇರಿ ವಿದ್ವಾಂಸರ ಗಮಕಗಳಲ್ಲ. ಒಂದು ಸ್ವರದ ಮೇಲೆ ಕೂತು ಅದನ್ನು ತೂಗಿಸುವ ಪುರುಸೊತ್ತು ಅವರಿಗಿಲ್ಲ. ನಾಲ್ಕೈದು ನಿಮಿಷದ ಸಿನಿಮಾ ಹಾಡಿನಲ್ಲಿ ಯಾರಿಗೂ ಇರುವುದಿಲ್ಲ. ಸ್ವರಕಲ್ಪನೆ ಎಂದು ನಮಗೆ ಕೇಳಿಸುವುದೆಲ್ಲ ಮೊದಲೇ ಬರೆದು, ತಾಲೀಮು ಮಾಡಿಸಿ ಹಾಡಿಸಿದ್ದು. ಮನೋಧರ್ಮ ಅಲ್ಲಿ ಇಲ್ಲ, ಮನೋಧರ್ಮದ ನಟನೆ ಇದೆ.

ಆದರೆ ಮೇಷ್ಟ್ರು ಒಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಲಸುಬ್ರಹ್ಮಣ್ಯಂ ಅವರ ತಂದೆ ಹರಿಕಥೆಯವರು. ಹರಿಕಥೆಯಲ್ಲಿ ರಾಗ ಮಾತಿನ ಸೇವಕ. ದ್ರೌಪದಿ ಕೂಗಬೇಕಾದ ಕಡೆ ಕೂಗಬೇಕು, ಅಳಬೇಕಾದ ಕಡೆ ದನಿ ನಡುಗಬೇಕು. ಆ ಕಿವಿ ಮಗನಿಗೆ ಬಂದಿದೆ. ‘ಶಂಕರಾ ನಾದಶರೀರಾಪರಾ’ ಹಾಡನ್ನು ತೆಗೆದುಕೊಳ್ಳಿ. ಅದು ಮಧ್ಯಮಾವತಿ. ಕಛೇರಿಯ ಕೊನೆಗೆ, ತಪ್ಪುಒಪ್ಪು ಹೊಟ್ಟೆಗೆ ಹಾಕಿಕೊಳ್ಳಲಿ ಎಂದು ಸಮಾಧಾನವಾಗಿ ಹಾಡುವ ರಾಗ. ಮಹದೇವನ್ ಅದನ್ನು ಶಿವನನ್ನು ಕೂಗಿ ಕರೆಯುವ ಹಾಡಿಗೆ ಇಟ್ಟಿದ್ದಾರೆ. ತಾರಸ್ಥಾಯಿಯಲ್ಲಿ ಅಷ್ಟು ಹೊತ್ತು ನಿಂತರೂ ಬಾಲಸುಬ್ರಹ್ಮಣ್ಯಂ ಬಾಯಲ್ಲಿ ಒಂದು ಅಕ್ಷರ ನುಂಗಿಹೋಗಿಲ್ಲ. ವಿದ್ವಾಂಸರು ರಾಗವನ್ನು ಉಳಿಸಿ ಮಾತನ್ನು ಮುರಿಯುತ್ತಾರೆ. ಈತ ಮಾತನ್ನು ಉಳಿಸಿ ರಾಗವನ್ನು ಸ್ವಲ್ಪ ತೆಳುಮಾಡಿದ್ದಾರೆ. ಸಂಗೀತ ಬಾರದ ನಮ್ಮ ಅಜ್ಜಿ ಕಣ್ಣೊರೆಸಿಕೊಂಡದ್ದು ಆ ಮಾತಿಗೆ. ಹದಿನೈದು ವರ್ಷಗಳ ನಂತರ ನಮ್ಮ ಕನ್ನಡದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರಕ್ಕೆ ಹಾಡಿ ಅವರು ಮತ್ತೆ ರಾಷ್ಟ್ರಪ್ರಶಸ್ತಿ ಪಡೆದಾಗಲೂ, ಗವಾಯಿಯ ಪಾತ್ರಕ್ಕೆ ಹಾಡುತ್ತಿದ್ದುದು ಅದೇ, ಪಾಠಾಂತರವಿಲ್ಲದ ದನಿ.

ಚಿತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ. ಶಂಕರಶಾಸ್ತ್ರಿಗಳ ಮಗಳು ಶಾರದೆಗೆ ಪಾಠ ಹೇಳಲು ಬರುವ ದಾಸು, ‘ಬ್ರೋಚೇವಾರೆವರುರಾ’ ಕೃತಿಯನ್ನು ಥಳುಕು ಬಳುಕಿನಿಂದ ಹೇಳಿಕೊಡುತ್ತಾನೆ. ಶಾಸ್ತ್ರಿಗಳು ಸಿಡಿದೇಳುತ್ತಾರೆ. ಸ್ವರ ತಪ್ಪಿತು ಎಂಬುದಕ್ಕಿಂತ, ಕಾಪಾಡುವವರು ಯಾರೂ ಇಲ್ಲ ಎಂದು ಮೊರೆಯಿಡುವ ಮಾತಿನಲ್ಲಿ ಆರ್ತತೆ ಎಲ್ಲಿ ಎಂಬುದು ಅವರ ಕೋಪ. ಈ ಚಿತ್ರದ ಹಾಡುಗಳನ್ನೆಲ್ಲ ಅಳೆಯಬೇಕಾದ ಗಜಕಡ್ಡಿ ಅದೇ ಎಂದು ನನ್ನ ಅಭಿಪ್ರಾಯ. ಆ ಗಜಕಡ್ಡಿಯಿಂದ ಅಳೆದರೆ ಹಾಡಿದ ಮೂವರೂ ಗೆಲ್ಲುತ್ತಾರೆ.

ಈಗ ಶಾರದೆಗೆ ಬರುತ್ತೇನೆ. ಅವಳ ಹಾಡು ನಮಗೆ ಯಾವಾಗ ನೆನಪಿನಲ್ಲಿ ಉಳಿಯುತ್ತದೆ? ಹೆಣ್ಣು ನೋಡಲು ಬಂದಾಗ. ಗಂಡಿನ ಕಡೆಯವರ ಮುಂದೆ ಹಾಡುತ್ತಾ ಕುಳಿತ ಶಾರದೆಯ ಮನಸ್ಸು ಗಂಡಿನ ಕಡೆ ಹರಿಯುತ್ತದೆ, ಸ್ವರ ಜಾರುತ್ತದೆ. ಅಪ್ಪನಿಗೆ ಅದು ಸಹಿಸುವುದಿಲ್ಲ, ಸಂಬಂಧವೇ ಬೇಡ ಎಂದುಬಿಡುತ್ತಾರೆ. ಆಮೇಲೆ ಎಲ್ಲ ಸರಿಹೋಗುತ್ತದೆನ್ನಿ. ಆದರೂ ಆ ದೃಶ್ಯ ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲೂ ಜಾತಕ ಹೊರಗೆ ಬಿದ್ದಿತ್ತು.

ನನ್ನನ್ನು ನೋಡಲು ಬಂದದ್ದು ಮರುವರ್ಷ. ಕೇಸರಿಬಾತು, ಉಪ್ಪಿಟ್ಟು, ಚಾಪೆಯ ಮೇಲೆ ಹಾಸಿದ ಜಮಖಾನ, ಮೂಲೆಯಲ್ಲಿ ನಮ್ಮ ಮೇಷ್ಟ್ರು. ಗಂಡಿನ ಸೋದರತ್ತೆ ತಟ್ಟೆ ಕೆಳಗಿಟ್ಟು, ‘ಒಂದು ಹಾಡು ಹೇಳಮ್ಮ’ ಎಂದರು. ನಾನು ಶ್ರುತಿಪೆಟ್ಟಿಗೆ ಒತ್ತಿಕೊಂಡು ‘ಬ್ರೋಚೇವಾರೆವರುರಾ’ ಶುರುಮಾಡಿದೆ. ಆಗ ಎಲ್ಲರಿಗೂ ಗೊತ್ತಿದ್ದ ಹಾಡು, ಮೆಚ್ಚುತ್ತಾರೆ ಎಂದು ಅಮ್ಮನ ಲೆಕ್ಕ. ಚಿಟ್ಟೆಸ್ವರಕ್ಕೆ ಬರುವ ಹೊತ್ತಿಗೆ ನನಗೆ ಶಾರದೆಯ ನೆನಪಾಯಿತು. ನೆನಪಾದದ್ದೇ ತಡ, ಒಂದು ಕಡೆ ಜಾರಿಯೇ ಬಿಟ್ಟೆ. ಎದೆ ಧಸಕ್ಕೆಂದಿತು. ತಲೆಯೆತ್ತಿ ನೋಡಿದರೆ ಸೋದರತ್ತೆ ಕೇಸರಿಬಾತಿನ ಗೋಡಂಬಿ ಆರಿಸುತ್ತಿದ್ದರು. ಭಾವೀ ಮಾವನವರು ನಮ್ಮ ತಂದೆಯೊಡನೆ ಮೆಲ್ಲಗೆ ಛತ್ರದ ಬಾಡಿಗೆ ಮಾತಾಡುತ್ತಿದ್ದರು. ನನ್ನ ಅಪಸ್ವರ ಯಾರಿಗೂ ಕೇಳಿಸಿರಲಿಲ್ಲ. ಆಗ ಹೊಳೆಯಿತು, ಅದಕ್ಕೂ ಮೊದಲಿನ ಸರಿಯಾದ ಸ್ವರಗಳೂ ಯಾರಿಗೂ ಕೇಳಿಸಿರಲಿಲ್ಲ. ಸಂಬಂಧ ಒಪ್ಪಿಗೆಯಾಯಿತು.

ಕೇಳಿಸಿದ್ದು ಒಬ್ಬರಿಗೆ ಮಾತ್ರ. ಎಲ್ಲರೂ ಎದ್ದ ಮೇಲೆ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ, ‘ಚಿಟ್ಟೆಸ್ವರದಲ್ಲಿ ಒಂದು ಕಡೆ ಜಾರಿತು. ತಿದ್ದಿಕೋ ತಾಯಿ’ ಎಂದರು. ಮದುವೆಯಾದ ಮೇಲೂ ನಾನು ಹಾಡುತ್ತಲೇ ಇರುತ್ತೇನೆ ಎಂದು ಆ ಮನೆಯಲ್ಲಿ ನಂಬಿದ್ದವರು ಅವರೊಬ್ಬರೇ ಇರಬೇಕು.

ಮುಂದಿನದು ನಿಮಗೆ ಹೊಸದಲ್ಲ. ಹೆಣ್ಣು ನೋಡುವಾಗ ಹಾಡು ಬೇಕು, ಹೆಣ್ಣು ಮನೆಗೆ ಬಂದ ಮೇಲೆ ಹಾಡು ಬೇಡ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ‘ಈಗ ಮಾವ ಮಲಗಿದ್ದಾರೆ’, ‘ಈಗ ಪೂಜೆ ಹೊತ್ತು’, ‘ಈಗ ಮಗು ಎದ್ದೀತು’. ಗೌರಿಹಬ್ಬದ ಆರತಿಗೆ, ನವರಾತ್ರಿಯ ಬೊಂಬೆಗೆ ಮಾತ್ರ ‘ಹೇಳಮ್ಮ’. ನಮ್ಮವರು ಒಳ್ಳೆಯವರು. ನನ್ನ ಸಪ್ಪೆ ಮೋರೆ ನೋಡಿ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟರು, ಜೊತೆಗೆ ‘ಶಂಕರಾಭರಣಂ’ ಕ್ಯಾಸೆಟ್ಟು. ಅಲ್ಲಿಂದ ನಾನು ಹಾಡುವವಳು ಹೋಗಿ ಕೇಳುವವಳಾದೆ. ರುಬ್ಬುಗುಂಡಿನ ಸದ್ದಿನ ಜೊತೆ ಆ ಕ್ಯಾಸೆಟ್ಟನ್ನು ಎಷ್ಟು ಸಲ ಕೇಳಿದೆನೋ. ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆ.

ಹಾಗೆ ಕೇಳುತ್ತ ಕೇಳುತ್ತ ಚಿತ್ರಕ್ಕಿಂತ ಬೇರೆಯಾಗಿ ದನಿಗಳು ನನ್ನ ಕಿವಿಯಲ್ಲಿ ಉಳಿದವು. ಜಾನಕಿಯವರ ದನಿ ಶಾರದೆಯದು, ಪ್ರೇಮದ್ದು. ಬಾಲಸುಬ್ರಹ್ಮಣ್ಯಂ ದನಿ ಶಾಸ್ತ್ರಿಗಳದು. ಹಾಗಾದರೆ ವಾಣಿ ಜಯರಾಂ ದನಿ ಯಾರದು? ಯೋಚಿಸಿ ನೋಡಿ. ಅದು ಒಬ್ಬ ಹುಡುಗನದು. ತುಳಸಿಯ ಮಗನದು. ಶಾಸ್ತ್ರಿಗಳ ಸೇವೆಗೆ ಸೇರಿ, ವಿದ್ಯೆ ಕಲಿತು, ಕೊನೆಯಲ್ಲಿ ಅವರ ಗಂಡಪೆಂಡೇರವನ್ನು ಪಡೆಯುವ ಹುಡುಗನದು.

ತುಳಸಿಯ ಬಗ್ಗೆ ಎರಡು ಮಾತು. ಮಂಜುಭಾರ್ಗವಿ ಮಾಡಿದ ಪಾತ್ರ. ವೇಶ್ಯೆಯ ಮನೆಯಲ್ಲಿ ಹುಟ್ಟಿ, ಶಾಸ್ತ್ರಿಗಳ ಸಂಗೀತವನ್ನು ಪೂಜಿಸುವ ಹೆಣ್ಣು. ಆಕೆಯ ಮೇಲೆ ಬಲಾತ್ಕಾರ ನಡೆಯುತ್ತದೆ, ಆಕೆ ಕೊಲೆ ಮಾಡುತ್ತಾಳೆ, ಶಾಸ್ತ್ರಿಗಳು ಆಶ್ರಯ ಕೊಟ್ಟದ್ದಕ್ಕೆ ಊರು ಅವರನ್ನೇ ದೂರ ಮಾಡುತ್ತದೆ. ಇಡೀ ಚಿತ್ರದಲ್ಲಿ ಶಾಸ್ತ್ರಿಗಳ ಸಂಗೀತವನ್ನು ಅವಳಷ್ಟು ಚೆನ್ನಾಗಿ ಕೇಳಿದವರು ಇನ್ನೊಬ್ಬರಿಲ್ಲ. ಅವಳು ಕುಣಿಯುತ್ತಾಳೆ, ಆದರೆ ಹಾಡುವುದಿಲ್ಲ. ಮಾತೂ ಕಡಿಮೆ. ಕೊನೆಗೆ ಗುರುವಿನ ಪಾದದ ಬಳಿ ಪ್ರಾಣ ಬಿಡುತ್ತಾಳೆ. ಅವಳಿಗೆ ದಕ್ಕದ ವಿದ್ಯೆ ಮಗನಿಗೆ ದಕ್ಕಿತು ಎಂದು ನಾವು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ.

ನಾನೂ ಹಾಗೆಯೇ ಎದ್ದು ಬಂದವಳು. ಆದರೆ ಅಡುಗೆಮನೆಯ ಟೇಪ್ ರೆಕಾರ್ಡರಿಗೆ ಚಿತ್ರ ತೋರಿಸಲು ಬರುವುದಿಲ್ಲವಲ್ಲ. ಅಲ್ಲಿ ಹುಡುಗ ಕಾಣುವುದಿಲ್ಲ. ಒಬ್ಬ ಹೆಂಗಸು ಹಾಡುವುದು ಮಾತ್ರ ಕೇಳಿಸುತ್ತದೆ.

‘ದೊರಕುನಾ’ ಹಾಡಿನ ಕೊನೆಯನ್ನು ಕೇಳಿ. ಕಛೇರಿಯ ನಡುವೆ ಶಾಸ್ತ್ರಿಗಳಿಗೆ ಉಸಿರು ಸಾಲದಾಗುತ್ತದೆ, ಹಾಡು ನಿಲ್ಲುತ್ತದೆ, ಹುಡುಗ ಎತ್ತಿಕೊಳ್ಳುತ್ತಾನೆ. ಬಾಲಸುಬ್ರಹ್ಮಣ್ಯಂ ನಿಂತ ಜಾಗದಿಂದ ವಾಣಿ ಜಯರಾಂ ಹೊರಡುತ್ತಾರೆ. ಆಕೆ ಮಗುವಿನ ದನಿ ಮಾಡಲು ಹೋಗಿಲ್ಲ. ತೊದಲಿಲ್ಲ, ಮುದ್ದಿಲ್ಲ. ನೇರವಾದ, ಸ್ವಚ್ಛವಾದ ದನಿ, ಅಳತೆಗೆ ಸರಿಯಾಗಿ ಬೀಳುವ ಸ್ವರ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತವನ್ನು, ಮದುವೆಯಾದ ಮೇಲೆ ಮುಂಬಯಿಯಲ್ಲಿ ಉಸ್ತಾದರೊಬ್ಬರ ಬಳಿ ಹಿಂದೂಸ್ತಾನಿಯನ್ನು ಕಲಿತ ಗಾಯಕಿ ಅವರು. ಅದಕ್ಕಾಗಿ ಬ್ಯಾಂಕಿನ ನೌಕರಿ ಬಿಟ್ಟವರು. ನನ್ನ ಕಿವಿಗೆ ಕೇಳುವಂತೆ, ಈ ಚಿತ್ರದ ಮೂವರು ಗಾಯಕರಲ್ಲಿ ಮೇಷ್ಟ್ರು ಹೇಳುತ್ತಿದ್ದ ಪಾಠಾಂತರದ ಶುದ್ಧಿ ಹೆಚ್ಚಾಗಿ ಇರುವುದು ಅವರ ಹಾಡಿನಲ್ಲೇ. ವಿದ್ಯೆ ಮುಂದಿನ ತಲೆಮಾರಿಗೆ ಹೋಯಿತು ಎಂದು ಕಥೆ ಹೇಳುವ ಆ ಗಳಿಗೆಯಲ್ಲಿ, ಅದನ್ನು ಎತ್ತಿಕೊಂಡದ್ದು ನಿಜವಾಗಿ ಒಬ್ಬ ಹೆಂಗಸು.

ಇದು ಇಲ್ಲಿಗೇ ಮುಗಿಯಲಿಲ್ಲ. ವಿಶ್ವನಾಥ್ ಅವರ ‘ಸ್ವಾತಿಕಿರಣಂ’ 1992ರಲ್ಲಿ ಬಂತು. ಅದರಲ್ಲೂ ಗುರು, ಅದರಲ್ಲೂ ಒಬ್ಬ ಬಾಲಪ್ರತಿಭೆ, ಅದಕ್ಕೂ ಮಹದೇವನ್ ಸಂಗೀತ. ಹುಡುಗನ ಪಾತ್ರ ಮಾಡಿದವನು ನಮ್ಮ ‘ಮಾಲ್ಗುಡಿ ಡೇಸ್’ನ ಮಂಜುನಾಥ್. ಹಾಡಿದವರು ಮತ್ತೆ ವಾಣಿ ಜಯರಾಂ, ಅದಕ್ಕೂ ರಾಷ್ಟ್ರಪ್ರಶಸ್ತಿ. ಹೀಗೆ ತೆಲುಗು ಚಿತ್ರಗಳಿಂದ ಆಕೆಗೆ ಬಂದ ಎರಡೂ ರಾಷ್ಟ್ರಪ್ರಶಸ್ತಿಗಳು, ತೆರೆಯ ಮೇಲೆ ಒಬ್ಬ ಹುಡುಗ ಬಾಯಾಡಿಸುವ ಚಿತ್ರಗಳಿಗೆ ಬಂದವು.

‘ಅತಿಯಾಯಿತು ನಿನ್ನದು’ ಎನ್ನುತ್ತೀರೇನೋ. ಎಂಟು ಹತ್ತು ವರ್ಷದ ಹುಡುಗನಿಗೆ ದನಿ ಒಡೆದಿರುವುದಿಲ್ಲ, ಹೆಂಗಸರ ದನಿಯೇ ಹೊಂದುತ್ತದೆ, ಸಿನಿಮಾದಲ್ಲಿ ಎಲ್ಲರೂ ಹಾಗೇ ಮಾಡುವುದು. ನಿಜ. ನಮ್ಮವರೂ ಅದನ್ನೇ ಹೇಳಿದರು. ನನ್ನ ಪ್ರಶ್ನೆ ಅದಲ್ಲ. ತುಳಸಿಗೆ ಒಬ್ಬ ಮಗಳು ಹುಟ್ಟಿದ್ದರೆ ಆಗುತ್ತಿರಲಿಲ್ಲವೇ? ಜಾತಿ ನೋಡಬೇಡಿ, ಹುಟ್ಟು ನೋಡಬೇಡಿ ಎಂದು ಅಷ್ಟು ಧೈರ್ಯವಾಗಿ ಹೇಳಿದ ಚಿತ್ರ, ಗಂಡಪೆಂಡೇರವನ್ನು ಒಂದು ಹೆಣ್ಣುಮಗುವಿನ ಕಾಲಿಗೆ ತೊಡಿಸಲು ಏಕೆ ಹಿಂಜರಿಯಿತು? ಶಾಸ್ತ್ರಿಗಳ ಮನೆಯಲ್ಲೇ ಶಾರದೆ ಇದ್ದಳಲ್ಲ! ಅಪ್ಪನಿಂದ ಸ್ವರಶುದ್ಧಿ ಕಲಿತವಳು, ತಪ್ಪಿದಾಗ ಬೈಸಿಕೊಂಡವಳು. ಅವಳು ಮದುವೆಯಾದಳು, ಅಲ್ಲಿಗೆ ಅವಳ ಸಂಗೀತದ ಕಥೆ ಮುಗಿಯಿತು. ಚಿತ್ರ ಅದನ್ನು ಒಂದು ನಷ್ಟ ಎಂದು ಗಮನಿಸುವುದೂ ಇಲ್ಲ. ಕೇಸರಿಬಾತಿನಲ್ಲಿ ಗೋಡಂಬಿ ಆರಿಸುತ್ತಿದ್ದ ಸೋದರತ್ತೆಗೂ, ಇಷ್ಟು ಸೂಕ್ಷ್ಮವಾದ ಚಿತ್ರಕ್ಕೂ ಈ ಒಂದು ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ ನನಗೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಬಹಳ ವರ್ಷಗಳ ನಂತರ ನನಗೆ ತಿಳಿದದ್ದು, ತುಳಸಿಯ ಮಗನ ಪಾತ್ರ ಮಾಡಿದ್ದು ಒಂದು ಹೆಣ್ಣುಮಗು ಎಂದು. ಬೇಬಿ ತುಳಸಿ. ಮುಂದೆ ಕನ್ನಡ ಚಿತ್ರಗಳಲ್ಲೂ ನಟಿಸಿದವರು. ಅಲ್ಲಿಗೆ ಏನಾಯಿತು? ಹಾಡಿದ ದನಿ ಹೆಣ್ಣಿನದು, ಬಾಯಾಡಿಸಿದ ಮುಖ ಹೆಣ್ಣಿನದು. ಹುಡುಗ ಎಂಬುದು ಬರೀ ಹೆಸರಿನಲ್ಲಿ, ತೊಟ್ಟ ಬಟ್ಟೆಯಲ್ಲಿ. ಇದು ತಿಳಿದ ದಿನ ನಾನು ಒಬ್ಬಳೇ ಕೂತು ನಕ್ಕೆ. ಕಥೆ ಏನೇ ಹೇಳಲಿ, ಶಾಸ್ತ್ರಿಗಳ ವಿದ್ಯೆ ಹೆಣ್ಣಿನ ಕೈಗೇ ಹೋಗಿತ್ತು.

2020ರ ಸೆಪ್ಟೆಂಬರಿನಲ್ಲಿ ಬಾಲಸುಬ್ರಹ್ಮಣ್ಯಂ ಹೋದರು. 2023ರ ಫೆಬ್ರವರಿ 2ರಂದು, ‘ಶಂಕರಾಭರಣಂ’ ತೆರೆಗೆ ಬಂದ ತಾರೀಖಿನಂದೇ, ವಿಶ್ವನಾಥ್ ತೀರಿಕೊಂಡರು. ಅದಾದ ಎರಡೇ ದಿನಕ್ಕೆ ವಾಣಿ ಜಯರಾಂ. ಪದ್ಮಭೂಷಣ ಪ್ರಕಟವಾಗಿ ಹತ್ತು ದಿನವೂ ಆಗಿರಲಿಲ್ಲ. ಟೀವಿಯಲ್ಲಿ ದಿನವಿಡೀ ಅದೇ ಹಾಡುಗಳು. ಸಂಜೆ ಅಟ್ಟದ ಮೇಲಿನಿಂದ ಶ್ರುತಿಪೆಟ್ಟಿಗೆ ಇಳಿಸಿದೆ. ಅದರ ತಿದಿಗೆ ಇಲಿ ಬಾಯಿ ಹಾಕಿತ್ತು. ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದಿದ್ದೇನೆ. ಮಲಗಿದ್ದಾರೆ ಎಂದು ಹೇಳಲು ಮನೆಯಲ್ಲಿ ಈಗ ಯಾರೂ ಇಲ್ಲ. ನಮ್ಮವರೇ ಬಾಗಿಲು ತೆರೆದಿಟ್ಟು, ‘ಸ್ವಲ್ಪ ಗಟ್ಟಿಯಾಗಿ ಹೇಳು’ ಎನ್ನುತ್ತಾರೆ.

ಎದುರುಮನೆಯ ಹುಡುಗಿ ಪಾಠಕ್ಕೆ ಬರುತ್ತಾಳೆ. ‘ಸ್ಕೂಲ್ ಡೇಗೆ ಒಂದು ಹಾಡು ಬಂದರೆ ಸಾಕು ಆಂಟಿ’ ಎಂದು ಅವಳ ತಾಯಿ ಹೇಳಿಹೋಗಿದ್ದಾರೆ. ನಾನು ‘ಆಗಲಿ’ ಎಂದಿದ್ದೇನೆ, ಆದರೆ ಸರಳೆ, ಜಂಟಿವರಸೆ, ಅಲಂಕಾರ ಎಲ್ಲ ಮಾಡಿಸಿ ಗೀತೆಗೆ ತಂದಿದ್ದೇನೆ. ವಾಸುದೇವಾಚಾರ್ಯರ ಕೃತಿಗೆ ಇನ್ನೂ ನಾಲ್ಕು ವರ್ಷ ಬೇಕು. ಅಷ್ಟರೊಳಗೆ ನನ್ನದೂ ಒಂದು ಬಾಕಿ ಇದೆ. ಆ ಚಿಟ್ಟೆಸ್ವರ ಈಗಲೂ ಅದೇ ಜಾಗದಲ್ಲಿ ಜಾರುತ್ತದೆ. ಮೇಷ್ಟ್ರು ಹೇಳಿ ನಲವತ್ತು ವರ್ಷದ ಮೇಲಾಯಿತು, ದಿನಾ ಬೆಳಿಗ್ಗೆ ಕೂತು ತಿದ್ದಿಕೊಳ್ಳುತ್ತಿದ್ದೇನೆ.